ಎಡಗೈಯಲ್ಲಿ ಬರೆಯುವ ಹುಡುಗ: ದಾವಣಗೆರೆಯ ಒಂದು ಅಪಹರಣ ಪ್ರಕರಣದ ಅಧ್ಯಯನ

ಹೊಸದಾಗಿ ಇಲಾಖೆ ಸೇರಿದ ಪಿಎಸ್‌ಐಗಳಿಗೆ ಅಪಹರಣದ ತನಿಖೆಯನ್ನು ವಿವರಿಸುವಾಗ ಬಳಸಲೆಂದು ಈ ಪ್ರಕರಣವನ್ನು ಬರೆದಿದ್ದೇನೆ. ಇದು ಯಾವುದೋ ಒಂದು ಠಾಣೆಯ ಕಡತದ ನಕಲಲ್ಲ. ಊರು, ರಸ್ತೆ, ಕಾಯ್ದೆ, ತನಿಖೆಯ ಕ್ರಮ ಇದ್ದದ್ದು ಇದ್ದ ಹಾಗೆಯೇ ಇವೆ. ವ್ಯಕ್ತಿಗಳನ್ನೂ ಆ ಒಂದು ರಾತ್ರಿಯನ್ನೂ ಪಾಠಕ್ಕಾಗಿ ಹೆಣೆದಿದ್ದೇನೆ, ಆದ್ದರಿಂದ ಯಾರಿಗೂ ಹೆಸರಿಟ್ಟಿಲ್ಲ. ತನಿಖೆಯಲ್ಲಿ ಮುಖ್ಯವಾಗಿ ಇಬ್ಬರಿದ್ದಾರೆ: ಇಪ್ಪತ್ತೇಳು ವರ್ಷ ಸೇವೆ ಮಾಡಿ ನಿವೃತ್ತಿಯ ಅಂಚಿನಲ್ಲಿರುವ ಇನ್‌ಸ್ಪೆಕ್ಟರ್ ಮತ್ತು ತರಬೇತಿ ಮುಗಿಸಿ ಅವರ ಕೈಕೆಳಗೆ ಪ್ರೊಬೇಷನ್‌ಗೆ ಬಂದು ನಾಲ್ಕು ತಿಂಗಳಾದ ಯುವ ಮಹಿಳಾ ಪಿಎಸ್‌ಐ.

ನವೆಂಬರ್ ತಿಂಗಳ ಒಂದು ಸೋಮವಾರ. ದಾವಣಗೆರೆಯಲ್ಲಿ ಮೆಕ್ಕೆಜೋಳದ ಸುಗ್ಗಿಯ ಕಾಲ; ಎಪಿಎಂಸಿ ಯಾರ್ಡ್‌ನಲ್ಲಿ ಕಾಲಿಡಲು ಜಾಗವಿರುವುದಿಲ್ಲ, ಒಣಗಲು ಹರಡಿದ ಕಾಳು ರಸ್ತೆಯ ಅರ್ಧವನ್ನು ನುಂಗಿರುತ್ತದೆ. ಯಾರ್ಡ್‌ನ ದಲಾಲಿ ವ್ಯಾಪಾರಿಯೊಬ್ಬರ ಹನ್ನೊಂದು ವರ್ಷದ ಮಗ ವಿದ್ಯಾನಗರದ ಕಡೆಯ ಟ್ಯೂಷನ್‌ಗೆ ಸೈಕಲ್‌ನಲ್ಲಿ ಹೋದವನು ಏಳು ಗಂಟೆಯಾದರೂ ಮನೆಗೆ ಬರಲಿಲ್ಲ. ಟ್ಯೂಷನ್ 6.45ಕ್ಕೇ ಬಿಟ್ಟಿತ್ತು. ತಂದೆ 7.40ಕ್ಕೆ ಠಾಣೆಗೆ ಬಂದರು, 8.05ಕ್ಕೆ ಪಿಎಸ್‌ಐ ಎಫ್‌ಐಆರ್ ದಾಖಲಿಸಿದರು. ಮಗು ಕಾಣೆಯಾದ ದೂರು ಬಂದರೆ ಎಫ್‌ಐಆರ್ ದಾಖಲಿಸಿಯೇ ಮುಂದುವರಿಯಬೇಕೆಂದು ಸರ್ವೋಚ್ಚ ನ್ಯಾಯಾಲಯ 2013ರಲ್ಲೇ ಹೇಳಿದ್ದರೂ, 'ನೆಂಟರ ಮನೆಗೆ ಹೋಗಿರಬಹುದು, ಬೆಳಿಗ್ಗೆತನಕ ನೋಡೋಣ' ಎನ್ನುವ ಬಾಯಿಗಳು ಇನ್ನೂ ಅಲ್ಲಲ್ಲಿ ಇವೆ. ಪಿಎಸ್‌ಐ ಆ ಮಾತನ್ನು ಆಡಲಿಲ್ಲ ಎಂಬುದನ್ನು ಮೊದಲೇ ದಾಖಲಿಸುತ್ತೇನೆ, ಏಕೆಂದರೆ ಮುಂದೆ ಅವರ ಒಂದು ತಪ್ಪನ್ನು ವಿಸ್ತಾರವಾಗಿ ಹೇಳುವುದಿದೆ. ಭಾರತೀಯ ನ್ಯಾಯ ಸಂಹಿತೆಯ ಕಲಂ 137(2)ರ ಅಡಿ ಪ್ರಕರಣ ದಾಖಲಾಯಿತು. ಹಳೆಯ ದಂಡ ಸಂಹಿತೆಯಲ್ಲಿ ಪಾಲಕರ ವಶದಿಂದ ಅಪಹರಣ ಎನ್ನಲು ಗಂಡುಮಗುವಿಗೆ ಹದಿನಾರು, ಹೆಣ್ಣುಮಗುವಿಗೆ ಹದಿನೆಂಟು ಎಂಬ ಭೇದವಿತ್ತು. 1 ಜುಲೈ 2024ರಿಂದ ಜಾರಿಗೆ ಬಂದ ಸಂಹಿತೆಯಲ್ಲಿ ಅದು ಹೋಗಿದೆ.

ಬೀಗ ಹಾಕಿದ ಸೈಕಲ್

8.50ರ ಹೊತ್ತಿಗೆ ಸೈಕಲ್ ಸಿಕ್ಕಿತು. ಟ್ಯೂಷನ್ ಮನೆಯಿಂದ ಎರಡು ತಿರುವಿನ ಆಚೆ, ಬಾಗಿಲು ಮುಚ್ಚಿದ ಜೆರಾಕ್ಸ್ ಅಂಗಡಿಯ ಮುಂದೆ ಅದು ನಿಂತಿತ್ತು. ಸ್ಥಳಕ್ಕೆ ಮೊದಲು ಹೋದ ಪಿಎಸ್‌ಐ ಠಾಣೆಗೆ ಫೋನ್ ಮಾಡಿ, "ಸರ್, ಹುಡುಗನ ಸೈಕಲ್ ಅನಾಥವಾಗಿ ಬಿದ್ದಿದೆ, ಬಲವಂತವಾಗಿ ವಾಹನದಲ್ಲಿ ಎತ್ತಿಕೊಂಡು ಹೋಗಿರಬೇಕು" ಎಂದರು. ಇನ್‌ಸ್ಪೆಕ್ಟರ್ ಕೇಳಿದ ಮೊದಲ ಪ್ರಶ್ನೆ, "ಬಿದ್ದಿದೆಯೋ, ನಿಂತಿದೆಯೋ?" ಎಂಬುದು. ಸೈಕಲ್ ನಿಂತಿತ್ತು. ಸ್ಟ್ಯಾಂಡ್ ಹಾಕಿತ್ತು. ಹಿಂದಿನ ಚಕ್ರದ ಬೀಗ ಒತ್ತಿತ್ತು, ಬೀಗದ ಕೈ ಅದರಲ್ಲಿರಲಿಲ್ಲ. ಹ್ಯಾಂಡಲ್‌ಗೆ ತೂಗುಹಾಕಿದ್ದ ನೀರಿನ ಬಾಟಲಿಯೂ ಹಾಗೆಯೇ ಇತ್ತು.

ಸೈಕಲ್ ನಿಲ್ಲಿಸಿ, ಬಗ್ಗಿ ಬೀಗ ಒತ್ತಿ, ಕೀಲಿಯನ್ನು ಜೇಬಿಗೆ ಹಾಕಿಕೊಳ್ಳುವಷ್ಟು ಸಮಯ ಹುಡುಗನಿಗೆ ಸಿಕ್ಕಿತ್ತು ಎಂದರೆ ಅವನನ್ನು ಯಾರೂ ಎಳೆದುಕೊಂಡು ಹೋಗಿಲ್ಲ. ತಿರುಗಿ ಬರುತ್ತೇನೆಂಬ ನಂಬಿಕೆಯಲ್ಲೇ ಅವನು ಹೊರಟಿದ್ದಾನೆ. ಸ್ಮಾರ್ಟ್ ಸಿಟಿ ಯೋಜನೆಯ ಕ್ಯಾಮೆರಾ ಕೊಠಡಿಯಲ್ಲಿ ಕುಳಿತ ಸಿಬ್ಬಂದಿ ಅರ್ಧ ಗಂಟೆಯಲ್ಲಿ ಇದನ್ನೇ ಖಚಿತಪಡಿಸಿದರು: ಹುಡುಗ ಒಂದು ಸ್ಕೂಟರಿನ ಹಿಂದಿನ ಸೀಟಿನಲ್ಲಿ ತಾನಾಗಿಯೇ ಕುಳಿತಿದ್ದ. ಓಡಿಸುವವನ ತಲೆಯ ಮೇಲೆ ಹೆಲ್ಮೆಟ್, ನಂಬರ್ ಪ್ಲೇಟಿನ ಮೇಲೆ ಕೆಸರು. ಮುಂದಿನ ವೃತ್ತದ ನಂತರ ಸ್ಕೂಟರು ಕಾಣೆ. ಹೆಬ್ಬಾಳು ಟೋಲ್‌ನ ಫಾಸ್ಟ್ಯಾಗ್ ದಾಖಲೆ ತರಿಸಬೇಕೆಂದು ಅದಾಗಲೇ ಮನವಿ ಬರೆಯಲು ಕುಳಿತಿದ್ದ ಪಿಎಸ್‌ಐ, ದ್ವಿಚಕ್ರ ವಾಹನಕ್ಕೆ ಟೋಲ್ ಇಲ್ಲ ಎಂಬುದು ನೆನಪಾಗಿ ಕಾಗದ ಮಡಿಸಿಟ್ಟರು.

ತಂದೆ ಶ್ವಾನದಳಕ್ಕಾಗಿ ಹಟ ಹಿಡಿದರು. ದಾವಣಗೆರೆ ಪೊಲೀಸರ ಡಾಬರ್‌ಮನ್ ತುಂಗಾ ಕೊಲೆ ಪ್ರಕರಣವೊಂದರಲ್ಲಿ ಹತ್ತು ಕಿಲೋಮೀಟರಿಗೂ ಹೆಚ್ಚು ದೂರ ಓಡಿ ಸುಳಿವು ಕೊಟ್ಟದ್ದು ಜಿಲ್ಲೆಯಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತಿರುವ ಕಥೆ. ಹೆತ್ತವರು ಕೇಳುವುದು ಸಹಜ. ಆದರೆ ಸ್ಕೂಟರ್ ಹತ್ತಿದವನ ವಾಸನೆ ಡಾಂಬರಿನ ಮೇಲೆ ನಾಲ್ಕು ಹೆಜ್ಜೆಗೇ ಮುಗಿಯುತ್ತದೆ, ನಾಯಿಯ ಹಿಂದೆ ಸೇರುವ ಜನರ ಗುಂಪು ಮಾತ್ರ ಬೆಳಿಗ್ಗೆಯವರೆಗೂ ಕರಗುವುದಿಲ್ಲ. ಇನ್‌ಸ್ಪೆಕ್ಟರ್ ಒಪ್ಪಲಿಲ್ಲ.

ಮೊದಲ ಕರೆ ಮತ್ತು ಎರಡು ಹೇಳಿಕೆಗಳು

9.35ಕ್ಕೆ ತಾಯಿಯ ಮೊಬೈಲಿಗೆ ಕರೆ ಬಂತು. ಆ ಹೊತ್ತಿನಲ್ಲಿ ಮನೆಯಲ್ಲಿ ಪೊಲೀಸರು ಯಾರೂ ಇರಲಿಲ್ಲ. ಪಿಎಸ್‌ಐ ಟ್ಯೂಷನ್ ಮನೆಯಲ್ಲಿದ್ದರು, ತಂದೆ ಇನ್‌ಸ್ಪೆಕ್ಟರ್ ಜೊತೆ ಠಾಣೆಯಲ್ಲಿದ್ದರು. ಫೋನಿನಲ್ಲಿ ಕರೆಯನ್ನು ರೆಕಾರ್ಡ್ ಮಾಡುವ ಏರ್ಪಾಡನ್ನೂ ಯಾರೂ ಮಾಡಿರಲಿಲ್ಲ. ಹಣಕ್ಕಾಗಿ ಕರೆ ಬರಬಹುದೆಂಬ ಅನುಮಾನ ಇದ್ದ ಮೇಲೆ ಒಬ್ಬ ಕಾನ್‌ಸ್ಟೆಬಲ್ಲನ್ನಾದರೂ ತಾಯಿಯ ಬಳಿ ಕೂರಿಸಬೇಕಿತ್ತು. ಈ ಲೋಪ ಹಿರಿಯರದು, ಕಿರಿಯರದಲ್ಲ.

9.50ಕ್ಕೆ ಮನೆ ತಲುಪಿದ ಪಿಎಸ್‌ಐ ತಾಯಿಯ ಹೇಳಿಕೆ ಬರೆದುಕೊಂಡರು. ಅದರ ಮುಖ್ಯ ವಾಕ್ಯ ಇದು: 'ಯಾರೋ ಅಪರಿಚಿತ ವ್ಯಕ್ತಿಯು ಕರೆ ಮಾಡಿ, ಸದರಿ ಬಾಲಕನನ್ನು ಅಪಹರಿಸಿರುವುದಾಗಿ ತಿಳಿಸಿ, 18 ಲಕ್ಷ ರೂಪಾಯಿಗೆ ಬೇಡಿಕೆಯಿಟ್ಟು, ಪೊಲೀಸರಿಗೆ ತಿಳಿಸಿದಲ್ಲಿ ಜೀವ ಬೆದರಿಕೆ ಹಾಕಿರುತ್ತಾನೆ.' ಠಾಣೆಯ ಬರವಣಿಗೆಯನ್ನು ಓದಿ ಬಲ್ಲವರಿಗೆ ಇದರಲ್ಲಿ ಯಾವ ಕುಂದೂ ಕಾಣುವುದಿಲ್ಲ. ನಮ್ಮ ನೂರಾರು ಹೇಳಿಕೆಗಳು ಇದೇ ಅಚ್ಚಿನಲ್ಲಿ ಎರಕವಾದವು.

ಅಷ್ಟರಲ್ಲಿ ಠಾಣೆಯಲ್ಲಿ ತಂದೆ ಒಂದು ಹೆಸರು ಹೇಳಿದ್ದರು. ಲೆಕ್ಕದಲ್ಲಿ ಹೆಚ್ಚುಕಡಿಮೆ ಮಾಡಿದನೆಂದು ಆರು ತಿಂಗಳ ಹಿಂದೆ ಬಿಡಿಸಿದ್ದ ಗುಮಾಸ್ತ ಹರಿಹರದಲ್ಲಿದ್ದಾನೆ, ಅವನಿಗೆ ನನ್ನ ಮೇಲೆ ಸಿಟ್ಟಿದೆ ಎಂದರು. ಇನ್‌ಸ್ಪೆಕ್ಟರ್ ಇಬ್ಬರು ಕ್ರೈಂ ಸಿಬ್ಬಂದಿಯನ್ನು ಮಫ್ತಿಯಲ್ಲಿ ಹರಿಹರಕ್ಕೆ ಓಡಿಸಿ, ತಾವು ವ್ಯಾಪಾರಿಯ ಮನೆಗೆ ಹೊರಟರು.

ಅವರು 10.40ಕ್ಕೆ ಬಂದು ಪಿಎಸ್‌ಐ ಬರೆದ ಹಾಳೆಯನ್ನು ಓದಿದರು. ಓದಿ, ತಾಯಿಯ ಎದುರು ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕುಳಿತು, "ತಾಯಿ, ಅವನು ಏನಂದ ಅಂತ ನನಗೆ ಬೇಡ. ಹೆಂಗಂದ ಅಂತ ಹೇಳ್ರಿ. ಅವನ ಬಾಯಿಂದ ಬಂದ ಹಂಗೇ" ಎಂದರು. ಆಕೆ ಕಣ್ಣು ಮುಚ್ಚಿಕೊಂಡು ಹೇಳಿದ್ದನ್ನು ಪಿಎಸ್‌ಐ ಎರಡನೇ ಸಲ ಬರೆದುಕೊಂಡರು:

"ಸಾವ್ಕಾರ್ತಿ, ಹುಡುಗ ನಮ್ ಹತ್ರ ಅದಾನೆ. ಹದಿನೆಂಟು ಲಕ್ಷ ಬಂದೈತಲ್ಲ, ಅದನ್ನ ಹಂಗೇ ಚೀಲದಾಗ ಇಟ್ಕೊಂಡಿರ್ರಿ. ಪೊಲೀಸ್ನೋರಿಗೆ ಹೇಳಿದ್ರೆ ನಾಳೆಯಿಂದ ನಿಮ್ ಹುಡುಗ ಎಡಗೈಲಿ ಬರೀಬೇಕಾಗ್ತತಿ."

ಇಷ್ಟು ಹೇಳಿ ಆಕೆ ಕಣ್ಣು ತೆರೆದು, "ಅವನು ಬರಿಯೋದೇ ಎಡಗೈಲಿ ಸರ್, ಹುಟ್ಟಾ ಎಡಚ" ಎಂದರು.

ಕೋಣೆಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ಮೊದಲ ಹೇಳಿಕೆಯಲ್ಲಿ ಮೂರು ಪದಗಳಾಗಿ ಕರಗಿಹೋಗಿದ್ದ 'ಜೀವ ಬೆದರಿಕೆ ಹಾಕಿರುತ್ತಾನೆ' ಎಂಬುದರೊಳಗೆ ಇಡೀ ಪ್ರಕರಣದ ದಿಕ್ಕು ಅಡಗಿತ್ತು. ಕರೆ ಮಾಡಿದವನಿಗೆ ಹುಡುಗ ಎಡಚನೆಂದು ಗೊತ್ತಿಲ್ಲ. ಎಂದರೆ ಅವನು ನೆಂಟನಲ್ಲ, ಟ್ಯೂಷನ್‌ನವನಲ್ಲ, ಮನೆಯಲ್ಲಿ ಓಡಾಡಿದವನಲ್ಲ. ಹರಿಹರದ ಗುಮಾಸ್ತ ಈ ಹುಡುಗನಿಗೆ ಸೈಕಲ್ ಕಲಿಸಿದವನು, ಅಂಗಡಿಯ ಮೂಲೆಯಲ್ಲಿ ಕೂರಿಸಿಕೊಂಡು ಮಗ್ಗಿ ಬರೆಸಿದವನು. ಅವನ ಬಾಯಲ್ಲಿ ಆ ಮಾತು ಬರಲು ಸಾಧ್ಯವೇ ಇಲ್ಲ. ಇನ್‌ಸ್ಪೆಕ್ಟರ್ ಕೂಡಲೇ ಹರಿಹರಕ್ಕೆ ಫೋನ್ ಮಾಡಿದರೂ ಸಿಬ್ಬಂದಿ ಆಗಲೇ ಅವನ ಬಾಗಿಲು ಬಡಿದಾಗಿತ್ತು, ಅಕ್ಕಪಕ್ಕದವರು ಎದ್ದಾಗಿತ್ತು. ಜ್ವರದಲ್ಲಿ ಮಲಗಿದ್ದ ಆ ಮನುಷ್ಯನ ಕ್ಷಮೆ ಕೇಳಲು ಇನ್‌ಸ್ಪೆಕ್ಟರ್ ಎರಡು ದಿನದ ನಂತರ ತಾವೇ ಹೋದರೆಂಬುದು ನಿಜ, ಆದರೆ ಬೀದಿಯವರ ಕಣ್ಣಿಗೆ ಬಿದ್ದದ್ದು ಮೊದಲ ಭೇಟಿಯೇ ಹೊರತು ಎರಡನೆಯದಲ್ಲ. ಹೇಳಿಕೆಯನ್ನು ಪೂರ್ತಿ ಕೇಳುವ ಮೊದಲೇ ಅನುಮಾನದ ಮೇಲೆ ಜನರನ್ನು ಕಳುಹಿಸಿದ್ದು ತಮ್ಮ ಆತುರವೆಂದು ಅವರು ಕೇಸ್ ಡೈರಿಯಲ್ಲಿ ಸ್ವಂತ ಕೈಬರಹದಲ್ಲಿ ಬರೆದಿದ್ದಾರೆ.

ಹದಿನೆಂಟು ಲಕ್ಷ ಎಂಬ ಅಂಕಿಯನ್ನೂ ಅವರು ಹಾಗೆಯೇ ಬಿಡಲಿಲ್ಲ. ಒತ್ತೆಹಣ ಕೇಳುವವರು ಸಾಮಾನ್ಯವಾಗಿ ಹತ್ತು, ಇಪ್ಪತ್ತೈದು, ಐವತ್ತು ಎನ್ನುತ್ತಾರೆ. ಹದಿನೆಂಟು ಎಲ್ಲಿಂದ ಬಂತು? ವ್ಯಾಪಾರಿ ಲೆಕ್ಕ ಬಿಡಿಸಿ ಹೇಳಿದರು. ಹಿಂದಿನ ವಾರ ಕೋಳಿ ಆಹಾರದ ಕಾರ್ಖಾನೆಗೆ ನಾಲ್ಕು ಲಾರಿ ಮೆಕ್ಕೆಜೋಳ ಹೋಗಿತ್ತು. ಲಾರಿಗೆ ಇಪ್ಪತ್ತು ಟನ್‌ನಂತೆ ಎಂಬತ್ತು ಟನ್, ಅಂದರೆ 800 ಕ್ವಿಂಟಲ್. ಕ್ವಿಂಟಲಿಗೆ 2,250 ರೂಪಾಯಿ ದರದಲ್ಲಿ ಸರಿಯಾಗಿ 18 ಲಕ್ಷ. "ಆದ್ರೆ ಸಾಹೇಬ್ರೆ, ನನಗೆ ಬಂದಿದ್ದು ಹದಿನೇಳು ಲಕ್ಷದ ಚಿಲ್ಲರೆ. ತೇವಾಂಶ ಜಾಸ್ತಿ ಅಂತ ನೂರಕ್ಕೆ ಐದು ಹಿಡ್ಕೊಂಡ್ರು. ಅದೂ ಬ್ಯಾಂಕಿಗೆ ಬಂದೈತಿ, ನಗದಲ್ಲ" ಎಂದರು.

ಹದಿನೆಂಟು ಎಂದವನು ತೂಕವನ್ನು ಕಂಡವನು, ಬಿಲ್ಲನ್ನು ಕಂಡವನಲ್ಲ. ಗುಮಾಸ್ತ, ಅಕೌಂಟೆಂಟ್, ಬ್ಯಾಂಕಿನವರು, ಕಾರ್ಖಾನೆಯವರು ಒಂದೇ ಏಟಿಗೆ ಪಟ್ಟಿಯಿಂದ ಹೊರಗೆ ಹೋದರು. ಹಮಾಲರು, ಲಾರಿ ಚಾಲಕರು, ಲಾರಿ ತೂಗುವ ವೇ ಬ್ರಿಡ್ಜ್‌ನವರು ಉಳಿದರು. 'ಸಾವ್ಕಾರ್ತಿ' ಎಂಬ ಸಂಬೋಧನೆಯೂ ಯಾರ್ಡ್‌ನದೇ.

ಎರಡು ಪಟ್ಟಿ

ಆದರೆ ಕರೆ ಬಂದದ್ದು ತಂದೆಯ ಫೋನಿಗಲ್ಲ. ತಂದೆಯ ನಂಬರು ಅಂಗಡಿಯ ಬೋರ್ಡಿನ ಮೇಲೇ ಇದೆ, ಯಾರ್ಡ್‌ನ ಯಾರಿಗಾದರೂ ಸಿಗುತ್ತದೆ. ತಾಯಿಯ ನಂಬರಾದರೋ ಮೂರು ವಾರದ ಹಿಂದೆ ತೆಗೆದುಕೊಂಡ ಹೊಸ ಸಿಮ್ಮಿನದು. ಹಳೆಯ ಫೋನ್ ಕಳೆದುಹೋಗಿತ್ತು. ಶಾಲೆಗೂ ಟ್ಯೂಷನ್‌ಗೂ ಆಕೆ ಇನ್ನೂ ಹೊಸ ನಂಬರು ಕೊಟ್ಟಿರಲಿಲ್ಲ. ಆ ನಂಬರು ಯಾರ್ಯಾರಿಗೆ ಗೊತ್ತಿದೆ ಎಂದು ಪಿಎಸ್‌ಐ ಆಕೆಯನ್ನು ಕೂರಿಸಿಕೊಂಡು ಬರೆದಾಗ ಹದಿನಾಲ್ಕು ಹೆಸರುಗಳಾದವು: ತವರಿನವರು, ನಾದಿನಿ, ಹಾಲಿನವನು, ಗ್ಯಾಸ್ ಏಜೆನ್ಸಿ, ರವಿಕೆ ಹೊಲಿಯುವ ಹೆಂಗಸು, ಹೀಗೆ.

ಈಗ ಎದುರಿಗೆ ಎರಡು ಪಟ್ಟಿಗಳಿದ್ದವು. ಒಂದು ಮನೆಯ ಪಟ್ಟಿ, ಇನ್ನೊಂದು ತೂಕದ ಪಟ್ಟಿ. ಎರಡರಲ್ಲೂ ಇರುವ ಒಬ್ಬನೇ ವ್ಯಕ್ತಿಗಾಗಿ ಪಿಎಸ್‌ಐ ಒಂದು ಗಂಟೆ ಹುಡುಕಿದರು. ಅಂಥವನು ಯಾರೂ ಸಿಗಲಿಲ್ಲ. "ಒಬ್ಬನೇ ಅಂತ ಯಾರು ಹೇಳಿದ್ರು ನಿಮಗೆ? ಪಟ್ಟಿ ಎರಡಿದ್ದರೆ ಮನುಷ್ಯರೂ ಇಬ್ಬರಿರಬಹುದು. ಹುಡುಗನನ್ನು ಕರೆದೊಯ್ದವನು ಬೇರೆ, ಫೋನ್ ಮಾಡಿದವನು ಬೇರೆ" ಎಂದರು ಇನ್‌ಸ್ಪೆಕ್ಟರ್. ಹುಡುಗ ನಂಬಿ ಹಿಂದೆ ಕುಳಿತವನಿಗೆ ಹುಡುಗನ ಮುಖ ಗೊತ್ತು. ಕರೆ ಮಾಡಿದವನಿಗೆ ಅವನ ಕೈ ಯಾವುದೆಂದೂ ಗೊತ್ತಿಲ್ಲ.

10.55ಕ್ಕೆ ಎರಡನೆಯ ಕರೆ ಬಂದಿತ್ತು, ಚುಟುಕಾಗಿ. ಅದಕ್ಕೆ ಸ್ವಲ್ಪ ಮೊದಲು ಇನ್‌ಸ್ಪೆಕ್ಟರ್ ತಾಯಿಗೆ ಒಂದೇ ಒಂದು ಮಾತನ್ನು ಹೇಳಿಕೊಟ್ಟಿದ್ದರು: ಹಣ ಇಲ್ಲ ಎನ್ನಬೇಡಿ, ಚೌಕಾಸಿ ಮಾಡಬೇಡಿ, ಮಗನ ದನಿ ಕೇಳದೆ ಏನೂ ಆಗುವುದಿಲ್ಲ ಎಂದಷ್ಟೇ ಅನ್ನಿ. ಹೀಗೆ ಪಟ್ಟು ಹಿಡಿದರೆ ಅವರು ರೊಚ್ಚಿಗೆದ್ದು ಹುಡುಗನಿಗೆ ಏನಾದರೂ ಮಾಡಿಯಾರು ಎಂದು ಪಿಎಸ್‌ಐ ಅಳುಕಿದರು, ಮತ್ತು ಆ ಅಳುಕು ತಪ್ಪಲ್ಲ. ಹಿರಿಯರ ಲೆಕ್ಕ ಬೇರೆ ಇತ್ತು. ಮೊದಲೆರಡು ಕರೆಗಳು ಹೆದ್ದಾರಿಯ ಬಾಡಾ ಕ್ರಾಸ್ ಕಡೆಯ ಟವರಿನಿಂದ ಬಂದಿದ್ದವೆಂದು ಎಸ್‌ಪಿ ಕಚೇರಿಯ ಮೂಲಕ ಗೊತ್ತಾಗಿತ್ತು. ಹುಡುಗನನ್ನು ಬಚ್ಚಿಟ್ಟವರು ಜನ ಓಡಾಡುವ ಅಂಥ ಕಡೆ ಇಟ್ಟಿರಲಾರರು. ದನಿ ಕೇಳಿಸಬೇಕೆಂದರೆ ಹುಡುಗನನ್ನು ಫೋನಿನ ಹತ್ತಿರ ತರಬೇಕು, ಇಲ್ಲವೆ ಫೋನನ್ನು ಹುಡುಗನ ಹತ್ತಿರ ಒಯ್ಯಬೇಕು. ರಾತ್ರಿ ಹೊತ್ತು ಹುಡುಗನನ್ನು ಹೊರಗೆ ತಿರುಗಾಡಿಸುವ ಎದೆ ಅವರಿಗಿಲ್ಲ. ಫೋನೇ ಹೋಗುತ್ತದೆ, ಹೋದ ಜಾಗವನ್ನು ಟವರು ಹೇಳುತ್ತದೆ.

ಹಾಗೆಯೇ ಆಯಿತು. 12.48ಕ್ಕೆ ಮೂರನೆಯ ಕರೆ ಬಂತು. ಈ ಬಾರಿ ರೆಕಾರ್ಡಿಂಗ್ ಚಾಲೂ ಇತ್ತು. ಹುಡುಗನ ದನಿ: "ಅಮ್ಮಾ, ಊಟ ಆತು. ಅಪ್ಪನ ಕಾಲು ಹೆಂಗೈತಿ?" ಮರುಕ್ಷಣ ಹಿಂದಿನಿಂದ 'ಟಕ್' ಎಂಬ ಸದ್ದು, ಅದರ ಬೆನ್ನಿಗೆ ಏರುತ್ತ ಹೋದ ಗುಂಯ್‌ಗುಡುವಿಕೆ. ಕರೆ ಕಡಿಯಿತು.

ತಾಯಿ ಅತ್ತರು. ತಂದೆ ತಮ್ಮ ನೆಟ್ಟಗಿರುವ ಕಾಲುಗಳನ್ನು ನೋಡಿಕೊಂಡರು. ಪಿಎಸ್‌ಐ ಈ ಸಲ 'ಬಾಲಕನು ಕ್ಷೇಮವಾಗಿರುವುದಾಗಿ ತಿಳಿಸಿದನು' ಎಂದು ಬರೆಯಲಿಲ್ಲ. ಅವನಂದದ್ದನ್ನೇ ಬರೆದು, ಅದರ ಕೆಳಗೆ ಗೆರೆ ಎಳೆದರು. ಅಪ್ಪನ ಕಾಲಿಗೆ ಯಾರ್ಡ್‌ನಲ್ಲಿ ಏನೋ ಪೆಟ್ಟಾಗಿದೆ, ಆಸ್ಪತ್ರೆಗೆ ಕರೆದೊಯ್ಯುತ್ತೇನೆ ಎಂದು ಹೇಳಿ ಹುಡುಗನನ್ನು ಹತ್ತಿಸಿಕೊಂಡಿದ್ದರೆಂಬುದು ಅದರಿಂದಲೇ ತಿಳಿಯಿತು. ಆ ಗಾಬರಿಯಲ್ಲೂ ಸೈಕಲ್ಲಿಗೆ ಬೀಗ ಹಾಕಿದ ಹುಡುಗ ಅವನು.

ಹಿಂದಿನ ಸದ್ದನ್ನು ಇನ್‌ಸ್ಪೆಕ್ಟರ್ ನಾಲ್ಕು ಬಾರಿ ಕೇಳಿದರು, ಜನರೇಟರ್ ಇರಬಹುದು ಎಂದರು. ಪಿಎಸ್‌ಐ ಹಿಟ್ಟಿನ ಗಿರಣಿ ಎಂದರು. ಇಬ್ಬರೂ ಪೇಟೆಯಲ್ಲಿ ಬೆಳೆದವರು. ಚಹಾ ತಂದ ಹೆಡ್ ಕಾನ್‌ಸ್ಟೆಬಲ್ ಒಮ್ಮೆ ಕೇಳಿದ ಕೂಡಲೇ, "ಸರ್, ಅದು ಆಟೋ ಸ್ಟಾರ್ಟರ್ ಬಡಿದ ಸದ್ದು. ತ್ರೀ ಫೇಸ್ ಬಂತು, ಮೋಟ್ರು ತಾನೇ ಎದ್ದೈತಿ. ನಮ್ ತೋಟದಾಗೂ ಹಿಂಗೇ" ಎಂದರು. ಮೂರನೆಯ ಕರೆಯ ಟವರು ಮಾಯಕೊಂಡ, ಆನಗೋಡು ಕಡೆಯದಾಗಿತ್ತು. ಭದ್ರಾ ನಾಲೆಯ ನೀರು ಕಾಣದ, ಕೊಳವೆಬಾವಿಯನ್ನೇ ನೆಚ್ಚಿ ಅಡಿಕೆ ಬೆಳೆಯುವ ಸೀಮೆ. ಅಲ್ಲಿ ಪಂಪ್‌ಸೆಟ್ ಇಲ್ಲದ ತೋಟವಿಲ್ಲ, ಆದ್ದರಿಂದ ಸದ್ದೊಂದರಿಂದಲೇ ಏನೂ ಬಗೆಹರಿಯುವುದಿಲ್ಲ. ಬಗೆಹರಿದದ್ದು ಸದ್ದು ಬಂದ ಸಮಯದಿಂದ. ಪಂಪ್‌ಸೆಟ್‌ಗಳ ತ್ರೀ ಫೇಸ್ ವಿದ್ಯುತ್ತನ್ನು ಫೀಡರ್‌ಗಳಿಗೆ, ಅಂದರೆ ಉಪಕೇಂದ್ರದಿಂದ ಹೊರಡುವ ವಿದ್ಯುತ್ ಮಾರ್ಗಗಳಿಗೆ, ಪಾಳಿಯ ಮೇಲೆ ಬಿಡುತ್ತಾರೆ, ಯಾವ ಫೀಡರಿಗೆ ಎಷ್ಟು ಹೊತ್ತಿಗೆ ಬಿಟ್ಟರೆಂಬುದನ್ನು ಉಪಕೇಂದ್ರದ ಆಪರೇಟರ್ ಲಾಗ್ ಹಾಳೆಯಲ್ಲಿ ಬರೆಯುತ್ತಾನೆ. ಆ ಟವರಿನ ವ್ಯಾಪ್ತಿಯೊಳಗೆ ಮೂರು ಕೃಷಿ ಫೀಡರ್‌ಗಳಿದ್ದವು, 12.48ರ ಆಸುಪಾಸಿನಲ್ಲಿ ತ್ರೀ ಫೇಸ್ ಬಿಟ್ಟದ್ದು ಒಂದಕ್ಕೆ ಮಾತ್ರ. ಟವರಿನ ಯಾವ ಮಗ್ಗುಲಿನ ಆಂಟೆನಾ ಕರೆಯನ್ನು ಹಿಡಿದಿತ್ತೆಂಬುದನ್ನೂ ಸೇರಿಸಿದಾಗ ಹುಡುಕಬೇಕಾದ ಜಾಗ ಎರಡು ಹಳ್ಳಿಗಳ ನಡುವಿನ ತೋಟಗಳ ಸಾಲಿಗೆ ಇಳಿಯಿತು.

ಅತ್ತ ಕರೆ ಮಾಡಿದ ಸಿಮ್ ಜಗಳೂರು ತಾಲ್ಲೂಕಿನ ಒಬ್ಬ ಅಜ್ಜಿಯ ಹೆಸರಿನಲ್ಲಿತ್ತು. ರಾತ್ರಿ ಬೀಟಿನವರು ಹೋಗಿ ಎಬ್ಬಿಸಿದಾಗ ಅಜ್ಜಿ, ತಾನು ದಾವಣಗೆರೆಯಲ್ಲಿ ಮಗಳ ಮನೆಗೆ ಬಂದಾಗ ಒಂದೇ ಸಿಮ್ ತೆಗೆದುಕೊಂಡದ್ದೆಂದೂ, ಆದರೆ 'ಬೆರಳು ಮೂಡಲಿಲ್ಲ' ಎಂದು ಅಂಗಡಿಯ ಹುಡುಗ ಎರಡು ಸಲ ಹೆಬ್ಬೆಟ್ಟು ಒತ್ತಿಸಿಕೊಂಡನೆಂದೂ ಹೇಳಿದರು. ಎರಡನೆಯ ಒತ್ತು ಇನ್ನೊಂದು ಸಿಮ್ಮಿಗೆ ಹೋಗಿತ್ತು. ಸಿಮ್ ವಂಚನೆಯ ಹಳೆಯ ದಾರಿ ಇದು, ದೂರಸಂಪರ್ಕ ಕಾಯ್ದೆ 2023ರಲ್ಲಿ ಇದಕ್ಕೆ ಮೂರು ವರ್ಷದವರೆಗಿನ ಶಿಕ್ಷೆಯಿದೆ. ಬೀಟಿನವರು ಫೋನಿನಲ್ಲಿ ಹೇಳಿದ್ದು, 'ಅಜ್ಜಿಗೆ ಏನೂ ಗೊತ್ತಿಲ್ಲ, ನಕಲಿ ಸಿಮ್' ಎಂದಷ್ಟೇ. ಅಜ್ಜಿ ಏನಂದರೋ ಅದನ್ನೇ ಹೇಳಿ ಎಂದು ಪಿಎಸ್‌ಐ ಒತ್ತಾಯಿಸಿದ್ದರಿಂದ ಹೆಬ್ಬೆಟ್ಟಿನ ವಿಷಯ ಹೊರಬಿತ್ತು.

ಅನಂತರ ಅವರು ಮೊಬೈಲ್ ಕಂಪನಿಯಿಂದ ಬಂದ ಗ್ರಾಹಕರ ಅರ್ಜಿಯನ್ನು ಕೊನೆಯ ಸಾಲಿನವರೆಗೂ ಓದಿದರು. ಹೆಸರು, ವಿಳಾಸ, ಆಧಾರ್ ನೋಡಿದವರು ಸಾಮಾನ್ಯವಾಗಿ ಅಲ್ಲಿಗೇ ನಿಲ್ಲುತ್ತಾರೆ. ಅವುಗಳ ಕೆಳಗೆ ಸಿಮ್ ಮಾರಿದ ಕೇಂದ್ರದ ಸಂಕೇತ ಇರುತ್ತದೆ. ತಾಯಿಯ ಹೊಸ ಸಿಮ್ಮಿನ ಅರ್ಜಿಯನ್ನೂ ತರಿಸಿ ಪಕ್ಕದಲ್ಲಿಟ್ಟರು. ಎರಡೂ ಸಂಕೇತ ಒಂದೇ. ತಾಯಿ ಬರೆಸಿದ ಹದಿನಾಲ್ಕು ಹೆಸರಿನಲ್ಲಿ ಸಿಮ್ ಅಂಗಡಿ ಇರಲಿಲ್ಲ. ನಂಬರನ್ನು ಮಾರಿದವನಿಗೇ ನಂಬರು ಗೊತ್ತಿರುತ್ತದೆ ಎಂಬುದು ಯಾರಿಗೂ ಹೊಳೆದಿರಲಿಲ್ಲ, ಇನ್‌ಸ್ಪೆಕ್ಟರಿಗೂ. ಆ ಅಂಗಡಿಯಲ್ಲಿ ಕೆಲಸಕ್ಕಿದ್ದ ಹುಡುಗನ ಕರೆಗಳ ವಿವರದಲ್ಲಿ ಪದೇ ಪದೇ ಬಂದ ನಂಬರು ಯಾರ್ಡ್ ಪಕ್ಕದ ವೇ ಬ್ರಿಡ್ಜ್‌ನಲ್ಲಿ ಚೀಟಿ ಬರೆಯುವವನದು. ವೇ ಬ್ರಿಡ್ಜ್‌ನವನ ಸೋದರಮಾವನ ಅಡಿಕೆ ತೋಟ ಅದೇ ಫೀಡರಿನ ಮೇಲಿತ್ತು. ಆಗ ಗಂಟೆ 3.20.

ಪಂಪ್‌ಹೌಸ್

ಸಿಮ್ ಅಂಗಡಿಯವನನ್ನು ಕೂಡಲೇ ಹಿಡಿದು ತರೋಣ ಎಂದರು ಪಿಎಸ್‌ಐ. ಅವನು ಒಂದು ಗಂಟೆ ಫೋನ್ ಎತ್ತದಿದ್ದರೆ ತೋಟದಲ್ಲಿರುವವನು ಏನು ಮಾಡುತ್ತಾನೆ ಎಂದು ಕೇಳಿದರು ಇನ್‌ಸ್ಪೆಕ್ಟರ್. ಮೂರು ಕಡೆ ಒಂದೇ ಹೊತ್ತಿಗೆ ಕೈಹಾಕುವುದೆಂದು ನಿರ್ಧಾರವಾಯಿತು. ಹಳ್ಳಿಯ ಲೈನ್‌ಮನ್ ಜೊತೆ ಬಂದು, ಯಾವ ಪಂಪ್‌ಹೌಸಿಗೆ ಮಲಗುವಷ್ಟು ಕೋಣೆಯಿದೆ, ಯಾವುದಕ್ಕೆ ಹಿಂಬಾಗಿಲಿದೆ ಎಂಬುದನ್ನು ನೆಲದ ಮೇಲೆ ಕಡ್ಡಿಯಲ್ಲಿ ಗೀಚಿ ತೋರಿಸಿದರು. ಅವರನ್ನು ಹಳ್ಳಿಯ ಗಡಿಯಿಂದ ಮುಂದೆ ಕರೆದೊಯ್ಯಲಿಲ್ಲ.

ಆ ವಾರದ ಪಾಳಿಯಲ್ಲಿ ತ್ರೀ ಫೇಸ್ ಬೆಳಿಗ್ಗೆ ಐದರವರೆಗೆ ಇರುತ್ತದೆಂದು ಲೈನ್‌ಮನ್ ಹೇಳಿದ್ದರಿಂದ, ಮೋಟಾರು ಓಡುತ್ತಿರುವಾಗಲೇ ಒಳಗೆ ಹೋಗಬೇಕೆಂದು ಇನ್‌ಸ್ಪೆಕ್ಟರ್ ಪಟ್ಟು ಹಿಡಿದರು. ಒಣಗಿದ ಅಡಿಕೆ ಸೋಗೆಯ ಮೇಲೆ ಕಾಲಿಟ್ಟರೆ ಹಪ್ಪಳ ಮುರಿದಂತೆ ಸದ್ದಾಗುತ್ತದೆ. 4.35ಕ್ಕೆ ಆರು ಜನ ಮೋಟಾರಿನ ಸದ್ದಿನ ಮರೆಯಲ್ಲಿ ಬಾಗಿಲವರೆಗೂ ನಡೆದರು. ಒಳಗೆ ಗೋಣಿಚೀಲಗಳ ಮೇಲೆ ಹುಡುಗ ಮಲಗಿದ್ದ, ಪಕ್ಕದಲ್ಲಿ ತೋಟ ಕಾಯುವ ಇನ್ನೊಬ್ಬ ಯುವಕ ನಿದ್ದೆಹೋಗಿದ್ದ. ಕೈಕಾಲು ಕಟ್ಟಿರಲಿಲ್ಲ. ಬನ್ನಿನ ಪೊಟ್ಟಣ, ಅರ್ಧ ಕುಡಿದ ಹಾಲಿನ ಲೋಟ. ಪಿಎಸ್‌ಐ ಹುಡುಗನನ್ನು ಎತ್ತಿಕೊಂಡಾಗ ಅವನು ಜೇಬು ತಡಕಿ ಸೈಕಲ್ ಕೀಲಿ ಇದೆಯೇ ಎಂದು ನೋಡಿಕೊಂಡ. ಇದು ಯಾವ ಮಹಜರಿನಲ್ಲೂ ಇಲ್ಲ. ದಾವಣಗೆರೆಯಲ್ಲಿ ಉಳಿದಿಬ್ಬರು ಅದೇ ಹೊತ್ತಿಗೆ ಸಿಕ್ಕಿದರು.

ಕಡತ

ಹುಡುಗ ಸಿಕ್ಕಿದ ಮೇಲೆ ಊರಿನವರಿಗೆ ಪ್ರಕರಣ ಮುಗಿಯಿತು. ತನಿಖಾಧಿಕಾರಿಗೆ ಅದರ ಕಷ್ಟದ ಭಾಗ ಆಗಲೇ ಶುರುವಾದದ್ದು. ಒತ್ತೆಹಣದ ಬೇಡಿಕೆ ಬಂದಿದ್ದರಿಂದ ನ್ಯಾಯಾಲಯಕ್ಕೆ ಕೋರಿಕೆ ಸಲ್ಲಿಸಿ ನ್ಯಾಯ ಸಂಹಿತೆಯ ಕಲಂ 140(2) ಸೇರಿಸಲಾಯಿತು. ಇದು 1993ರಲ್ಲಿ ಹಳೆಯ ದಂಡ ಸಂಹಿತೆಗೆ ಸೇರಿದ 364ಎ ಕಲಮಿನ ಇಂದಿನ ರೂಪ, ಶಿಕ್ಷೆ ಮರಣದಂಡನೆ ಅಥವಾ ಜೀವಾವಧಿ. ಅಪಹರಣ ಮತ್ತು ಹಣದ ಬೇಡಿಕೆ ಎರಡನ್ನು ಸಾಬೀತುಮಾಡಿದರೆ ಈ ಕಲಂ ನಿಲ್ಲುತ್ತದೆಂದು ಅನೇಕರು ನಂಬಿದ್ದಾರೆ. ಅದು ಹಾಗಲ್ಲ. 2021ರಲ್ಲಿ ತೆಲಂಗಾಣದ ಪ್ರಕರಣವೊಂದರಲ್ಲಿ ಸರ್ವೋಚ್ಚ ನ್ಯಾಯಾಲಯ, ಕೊಲ್ಲುವ ಅಥವಾ ನೋಯಿಸುವ ಬೆದರಿಕೆ, ಅಂಥ ಭಯಕ್ಕೆ ಸಕಾರಣವಾದ ವರ್ತನೆ, ಇಲ್ಲವೇ ನಿಜವಾಗಿಯೇ ನೋಯಿಸಿದ್ದು ಅಥವಾ ಕೊಂದದ್ದು ಸಾಬೀತಾಗದಿದ್ದರೆ 364ಎ ಅನ್ವಯಿಸದೆಂದು ಹೇಳಿ, ಶಾಲಾಬಾಲಕನನ್ನು ಎರಡು ಲಕ್ಷಕ್ಕಾಗಿ ಒಯ್ದಿದ್ದ ಆಟೋ ಚಾಲಕನ ಜೀವಾವಧಿ ಶಿಕ್ಷೆಯನ್ನು ತೆಗೆದು, ಸಾಮಾನ್ಯ ಅಪಹರಣದ ಶಿಕ್ಷೆಯನ್ನಷ್ಟೇ ಉಳಿಸಿತು. ಆ ಹುಡುಗನನ್ನು ಅವರು ಚೆನ್ನಾಗಿಯೇ ನೋಡಿಕೊಂಡಿದ್ದರು.

ನಮ್ಮ ಹುಡುಗನೂ ಮ್ಯಾಜಿಸ್ಟ್ರೇಟರ ಮುಂದೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 183ರ ಹೇಳಿಕೆಯಲ್ಲಿ, ತನ್ನನ್ನು ಯಾರೂ ಹೊಡೆಯಲಿಲ್ಲ, ಬೈಯಲಿಲ್ಲ, ಬನ್ನು ಕೊಟ್ಟರು ಎಂದೇ ಹೇಳಿದ. ಹೇಳಬೇಕಾದ್ದೂ ಅದನ್ನೇ. ರೆಕಾರ್ಡ್ ಆದ ಮೂರನೆಯ ಕರೆಯಲ್ಲಿ ಬೆದರಿಕೆಯ ಮಾತಿಲ್ಲ. 10.55ರ ಕರೆ ತಾಯಿ ಗಾಬರಿಯಲ್ಲಿ ಗುಂಡಿ ಒತ್ತದೇ ಇದ್ದುದರಿಂದ ರೆಕಾರ್ಡ್ ಆಗಲಿಲ್ಲ, ಅದರಲ್ಲೂ ಬೆದರಿಕೆ ಇರಲಿಲ್ಲ. ಉಳಿಯುವುದು ಯಾವ ಯಂತ್ರವೂ ಕೇಳಿಸಿಕೊಳ್ಳದ 9.35ರ ಕರೆ. ಪಂಪ್‌ಹೌಸಿನ ಶೋಧದ ವಿಡಿಯೊ ಇದೆ, ರೆಕಾರ್ಡಿಂಗ್‌ಗೆ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63(4)ರ ಪ್ರಮಾಣಪತ್ರ ಎರಡೂ ಭಾಗಗಳಲ್ಲಿ ಸಿದ್ಧವಿದೆ, ನಾಗರಿಕ ಸುರಕ್ಷಾ ಸಂಹಿತೆಯ ಕಲಂ 349ರ ಅಡಿ ಪಡೆದ ಧ್ವನಿ ಮಾದರಿ ಪ್ರಯೋಗಾಲಯಕ್ಕೆ ಹೋಗಿದೆ. ಆದರೆ 140(2)ರ ಭಾರವನ್ನು ಹೊರುವುದು ತಾಯಿಯ ನೆನಪಿನ ಆ ಒಂದು ವಾಕ್ಯವೇ.

ಪೊಲೀಸರ ಮುಂದಿನ ಹೇಳಿಕೆ ಪ್ರಾಸಿಕ್ಯೂಷನ್‌ಗೆ ಸಾಕ್ಷ್ಯವಾಗುವುದಿಲ್ಲ. ಸಾಕ್ಷಿ ಕಟಕಟೆಯಲ್ಲಿ ಬೇರೆ ಮಾತಾಡಿದರೆ ಎದುರು ವಕೀಲರು ಅದನ್ನು ತೋರಿಸಿ ವಿರೋಧಾಭಾಸ ಎನ್ನಬಹುದು, ಅಷ್ಟೇ. ತಾಯಿ ನ್ಯಾಯಾಲಯದಲ್ಲಿ 'ಎಡಗೈಲಿ ಬರೀಬೇಕಾಗ್ತತಿ ಅಂದ' ಎಂದು ಹೇಳುತ್ತಾರೆ. ಅದು ಕೈಯನ್ನು ಊನ ಮಾಡುವ ಬೆದರಿಕೆ, ಕಾಯ್ದೆಗೆ ಸಾಕು. 9.50ರ ಹೇಳಿಕೆಯಲ್ಲಿರುವುದು 'ಜೀವ ಬೆದರಿಕೆ'. ಕೊಲ್ಲುವ ಮಾತನ್ನು ಅವನು ಆಡಿಯೇ ಇರಲಿಲ್ಲ. ಆರೋಪಿ ಪರ ವಕೀಲರಿಗೆ ಇದಕ್ಕಿಂತ ದೊಡ್ಡ ಬಾಗಿಲು ಬೇಕಿಲ್ಲ. ಆದ್ದರಿಂದಲೇ ತಾಯಿಯ ಹೇಳಿಕೆಯನ್ನೂ ಮರುದಿನವೇ ಮ್ಯಾಜಿಸ್ಟ್ರೇಟರ ಮುಂದೆ ಕೊಡಿಸಲಾಯಿತು.

ಆರೋಪ ಪಟ್ಟಿ ಹೊಂದಿಸುವ ದಿನ ಪಿಎಸ್‌ಐ ತಮ್ಮ ಮೊದಲ ಹಾಳೆಯನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನಿಂತಿದ್ದರು. ಎರಡನೆಯ ಹೇಳಿಕೆಯಲ್ಲಿ ಎಲ್ಲವೂ ಇದೆ, ಇದನ್ನು ಇಡಲೇಬೇಕೇ ಎಂದು ಕೇಳಿದರು. "ನೀವು ಬರೆದಿದ್ದೀರಲ್ಲಮ್ಮ, ಇಡಬೇಕು. ಯಾಕೆ ಎರಡಾಯ್ತು ಅಂತ ಕೋರ್ಟ್ ಕೇಳ್ತದೆ, ನೀವೇ ಹೇಳಬೇಕು" ಎಂದರು ಇನ್‌ಸ್ಪೆಕ್ಟರ್. 9.50 ಎಂದು ಸಮಯ ಹಾಕಿದ ಹೇಳಿಕೆ ಕಡತದ 9ನೇ ಪುಟದಲ್ಲಿದೆ, 10.40ರದು 14ನೇ ಪುಟದಲ್ಲಿದೆ.